ಬಿಳಿ ಕಲ್ಲಿನ ಅಪ್ಪಣೆ

ಅಝಿಲಾಲ್
ಅಕ್ಟೋಬರ್ 21

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳು ತೂದಾಳ ಸಲಾಮು. ಅವ್ವನ ಕೈಗೆ ನನ್ನ ಮುತ್ತು.

ದಾರಿ ಮುಗಿಯಿತು ಅಪ್ಪಾ. ನೀನು ನಗಬೇಡ. "ನಮ್ಮ ಮುತ್ತಜ್ಜ ಹೇಸರಗತ್ತೆ ಹೊಡ್ಕೊಂಡು ಓಡಾಡಿದ ದಾರಿ, ನೀನೇನು ಮುಗಿಸೋದು?" ಎಂದು ನೀನು ಗಡ್ಡ ತುರಿಸಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಆದರೂ ಮುಗಿಯಿತು. ಬೆಟ್ಟ ದಾಟುವ ಮೇಲಿನ ಕಣಿವೆಯಿಂದ ನಮ್ಮ ಅಗ್ದಾಲಿನ ಹುಲ್ಲುಗಾವಲಿನ ಅಂಚು ಹಿಡಿದು, ಬುಗ್ಗೆಯ ಪಕ್ಕದಲ್ಲಿ ಇಳಿದು, ಊರ ಮಸೀದಿಯವರೆಗೆ ಒಂದೇ ದಾರಿ. ಇಷ್ಟು ವರ್ಷ ಬೆಟ್ಟ ನೋಡಲು ಬರುವವರು ಕಂಡಕಂಡಲ್ಲಿ ತುಳಿದು ಬುಗ್ಗೆಯನ್ನು ಕೆಸರು ಮಾಡಿ ಹೋಗುತ್ತಿದ್ದರು. ಚಳಿ ಕಾಯಿಸಲು ಹಳೆಯ ಜುನಿಪರ್ ಮರಗಳ ಕೈಕಾಲು ಮುರಿಯುತ್ತಿದ್ದರು. ಇನ್ನು ಅವರು ದಾರಿ ಬಿಟ್ಟು ಇಳಿಯಬೇಕಾಗಿಲ್ಲ. ದಾರಿಯಲ್ಲಿ ಕಟ್ಟಿಸಿದ ತಂಗುಮನೆಯಲ್ಲಿ ಸೌದೆ ಇದೆ, ಕಂಬಳಿ ಇದೆ, ಬಾಗಿಲಿಗೆ ಬೀಗವಿಲ್ಲ. ಅವ್ವನ ಬಾರ್ಲಿ ರೊಟ್ಟಿ ತಿನ್ನದೆ ಯಾರೂ ಊರು ದಾಟಬಾರದು ಎಂದು ನಾನು ನಮ್ಮ ಚಾರಣ ಸಂಘದವರಿಗೆ ಹೇಳಿಯೇ ಬಿಟ್ಟಿದ್ದೇನೆ.

ಊರಿನ ಹುಡುಗರು ಪಟ್ಟಣಕ್ಕೆ ಕೂಲಿಗೆ ಹೋಗುವುದು ಇದರಿಂದ ನಿಲ್ಲುತ್ತದೆ ಎನ್ನುವಷ್ಟು ಪೆದ್ದಿ ನಾನಲ್ಲ. ಆದರೆ ನನ್ನ ತಮ್ಮ ಯೀದಿರ್ ಒಬ್ಬನಾದರೂ ಕುರಿಯ ಜೊತೆಗೆ ನಾಲ್ಕು ಜನರಿಗೆ ಬೆಟ್ಟ ತೋರಿಸಿ ಊರಲ್ಲೇ ಉಳಿದರೆ ನನಗೆ ಅಷ್ಟು ಸಾಕು.

ದಾರಿಯುದ್ದಕ್ಕೂ ಕಲ್ಲುಗುಪ್ಪೆ ಇಟ್ಟಿದ್ದೇವೆ. ಮೇಲುಗಡೆ ಒಂದೊಂದು ಸುಣ್ಣ ಬಳಿದ ಕಲ್ಲು. ಮಂಜು ಕವಿದಾಗಲೂ ಕಾಣುತ್ತದೆ. ಹೇಗಿದೆ ಹೇಳು.

ನಿನ್ನ ಮಗಳು
ತೂದಾ

*

ಐತ್ ಒಗ್ಮಾರ್
ನವೆಂಬರ್ 9

ಮಗಳು ತೂದಾಳಿಗೆ,

ಅಲ್ಲಾಹನ ದಯದಿಂದ ಎಲ್ಲರೂ ಕ್ಷೇಮ. ನಿನ್ನ ಕಾಗದವನ್ನು ಲಾರಿಯ ಬೂಜೆಕ್ರಿ ಸಂತೆಯ ದಿನ ತಂದುಕೊಟ್ಟ. "ಬಾಸ್ಸು ಮಾವಾ, ಮಗಳು ಬೆಟ್ಟಕ್ಕೇ ಸುಣ್ಣ ಹೊಡಿಸಿದ್ಲಂತೆ, ಮದುವೆ ಯಾವಾಗ?" ಎಂದು ಎಲ್ಲರೆದುರು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು.

ಈಗ ನಗುವ ಮಾತಲ್ಲ, ಕೇಳು. ಬಿಳಿ ಕಲ್ಲು ಇಡುವ ಹಕ್ಕು ನಮ್ಮಲ್ಲಿ ಒಬ್ಬನಿಗೆ ಮಾತ್ರ. ಅಗ್ದಾಲಿನ ಕಾವಲುಗಾರನಿಗೆ. ನಾನು ಗುಪ್ಪೆಯ ಮೇಲೆ ಬಿಳಿ ಕಲ್ಲು ಇಟ್ಟೆನೆಂದರೆ ಹುಲ್ಲುಗಾವಲು ಮುಚ್ಚಿತು ಎಂದು. ಹುಲ್ಲು ಹೂಬಿಟ್ಟು ಬೀಜ ಉದುರಿಸಿದ ಮೇಲೆ ನಾನೇ ಹೋಗಿ ಆ ಕಲ್ಲನ್ನು ಕೆಳಗೆ ಉರುಳಿಸಬೇಕು. ಅಲ್ಲಿಯವರೆಗೆ ಯಾರ ಕುರಿಯೂ ಒಳಗೆ ಕಾಲಿಡುವಂತಿಲ್ಲ. ನೀನು ಇದನ್ನು ಎದೆಹಾಲಿನ ಜೊತೆ ಕುಡಿದವಳು, ಪಟ್ಟಣದ ಚಹಾ ಕುಡಿದು ಮರೆತೆಯಾ?

ತೀರಾ ಅವಸರವಿದ್ದವನು ಏನು ಮಾಡುತ್ತಾನೆ ಹೇಳು. ತನ್ನ ಕುರಿಯ ಒಂದು ಹಿಡಿ ಉಣ್ಣೆ ಕಿತ್ತು ಗುಪ್ಪೆಗೆ ಕಟ್ಟಿ, ನಾನು ಬಂದು ಅಪ್ಪಣೆ ಕೊಡುವವರೆಗೆ ಕಾಯುತ್ತಾನೆ. ಕಳೆದ ವರ್ಷ ಪಕ್ಕದ ಊರಿನ ಹಾದು ಎಂಬ ಕುರುಬ ಹಾಗೆಯೇ ಬಿಸಿಲಲ್ಲಿ ಕೂತಿದ್ದ. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಹೋಗುವ ಹೊತ್ತಿಗೆ ಅವನ ಮೂಗು ಸುಟ್ಟು ದಾಳಿಂಬೆಯಾಗಿತ್ತು. ಆದರೂ ಒಂದು ಹೆಜ್ಜೆ ಒಳಗಿಟ್ಟಿರಲಿಲ್ಲ.

ನಿನ್ನ ದಾರಿಯ ಸಲುವಾಗಿ ನಾನು ಹಿರಿಯರ ಕೂಟದಲ್ಲಿ ಕುರಾನಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ. ನಡೆದು ಬರುವ ಮನುಷ್ಯರಿಗೆ ವರ್ಷವಿಡೀ ದಾರಿ. ಕುರಿಗಳಿಗೆ ನಾನು ಕಲ್ಲು ಉರುಳಿಸಿದ ಮೇಲೆ. ಆ ಮಾತು ಉಳಿಯಬೇಕು. ಬಿಳಿಯ ಬದಲು ಕೆಂಪು ಬಳಿ, ಹಸಿರು ಬಳಿ. ಹಿಮ ಬಿದ್ದರೆ ಬಿಳಿ ಕಲ್ಲು ಯಾರ ಕಣ್ಣಿಗೆ ಕಾಣುತ್ತದೆ?

ಯೀದಿರ್ ನಿನ್ನ ಆಳುಗಳು ಬರುವ ಮೊದಲೇ ಕುರಿಗಳನ್ನು ಹೊಡೆದುಕೊಂಡು ಚಳಿಗಾಲದ ಮೇವಿಗೆ ಸಗ್ರೋ ಬೆಟ್ಟಕ್ಕೆ ಹೋಗಿದ್ದಾನೆ. ಅವನಿಗೆ ಈ ಹೊಸ ಕಲ್ಲುಗಳ ಸುದ್ದಿಯೇ ಇಲ್ಲ. ವಸಂತಕ್ಕೆ ಬಂದಾಗ ಹೇಳಿದರಾಯಿತು.

ನಿನ್ನವ್ವ ತಲೆಯ ಮೇಲೆ ನಿಂತು "ನನ್ನ ಮಾತೂ ಬರಿ" ಎನ್ನುತ್ತಿದ್ದಾಳೆ. ಅವಳ ಮಾತು ಇದು: "ಬಣ್ಣ ಯಾವುದಾದ್ರೂ ಇರ್ಲಿ, ನೀನು ಉಂಡ್ಯೇನೇ?"

ನಿನ್ನ ಅಪ್ಪ
ಬಾಸ್ಸು

*

ಅಝಿಲಾಲ್
ಡಿಸೆಂಬರ್ 2

ಅಪ್ಪಾ,

ಉಂಡೆ ಎಂದು ಅವ್ವನಿಗೆ ಹೇಳು. ಮಸೂರದ ಸಾರು, ಅದೂ ಒಲೆ ಹೊಗೆಯಾಡಿ ಅರ್ಧ ಸೀದದ್ದು.

ಬಣ್ಣ ಬಳಿದರೆ ಬುಗ್ಗೆಯ ನೀರಿಗೆ ಇಳಿಯುತ್ತದೆ ಎಂದು ನಾನೇ ಹಟ ಹಿಡಿದು ಸುಣ್ಣ ಹಾಕಿಸಿದ್ದು. ಹಿಮದಲ್ಲಿ ನಡೆಯಲು ಯಾವ ಹುಚ್ಚ ಬರುತ್ತಾನೆ? ಬರುವವರು ಮಂಜಿನಲ್ಲಿ ಬರುತ್ತಾರೆ. ಮಂಜಿನಲ್ಲಿ ಬಿಳಿಯಂಥ ಬಣ್ಣವಿಲ್ಲ. ನಿನ್ನ ಗುಪ್ಪೆ ಅಗ್ದಾಲಿನ ಬಾಯಲ್ಲಿ ಒಂದೇ ಇದೆ, ಆಳೆತ್ತರ. ನನ್ನವು ಮೊಣಕಾಲಿನಷ್ಟು. ಕುರುಡನಿಗೂ ವ್ಯತ್ಯಾಸ ತಿಳಿಯುತ್ತದೆ. ಊರವರಿಗೆ ಒಂದು ಸಲ ಹೇಳಿದರೆ ಮುಗಿಯಿತು. ನೀನೇ ಹೇಳು, ನಿನ್ನ ಮಾತೆಂದರೆ ಊರಿಗೆ ಕಟ್ಟಪ್ಪಣೆ.

ಬಿಳಿ ಬಣ್ಣವನ್ನೇನು ನೀನು ಅಜ್ಜನಿಂದ ಪಿತ್ರಾರ್ಜಿತವಾಗಿ ಬರೆಸಿಕೊಂಡಿದ್ದೀಯಾ? ಸಿಟ್ಟಾಗಬೇಡ. ಕೆಲಸ ಕಣ್ಣಿಗೆ ಬೀಳುವಂತೆ ಆಗಿದೆ, ಅದಕ್ಕೇ ಹಿಗ್ಗಿ ಮಾತಾಡುತ್ತಿದ್ದೇನೆ.

ತೂದಾ

*

ಐತ್ ಒಗ್ಮಾರ್
ಏಪ್ರಿಲ್ 12

ಮಗಳೇ,

ನಿನ್ನ ದಾರಿಗೆ ದೃಷ್ಟಿ ತೆಗೆಯಬೇಕು. ಈ ತಿಂಗಳು ಎರಡು ತಂಡ ಬಂದವು. ಒಬ್ಬರೂ ದಾರಿ ಬಿಟ್ಟು ಇಳಿಯಲಿಲ್ಲ. ಬುಗ್ಗೆಯ ನೀರು ಕನ್ನಡಿಯಂತಿದೆ. ಮುರಿದ ಜುನಿಪರ್ ಬುಡದಲ್ಲಿ ಚಿಗುರು ಕಂಡೆ, ನನ್ನ ಕಣ್ಣಾಣೆ. ನಿನ್ನವ್ವ ರೊಟ್ಟಿ ಬೇಯಿಸಿ ಬೇಯಿಸಿ "ಸೊಂಟ ಹೋಯ್ತು" ಎಂದು ಗೊಣಗುತ್ತಾಳೆ. ಆದರೆ ಕಣಿವೆಯ ಕಡೆ ಯಾರದಾದರೂ ತಲೆ ಕಂಡರೆ ಮೊದಲು ಹಿಟ್ಟು ನಾದುವವಳು ಅವಳೇ. ಕೂಟದಲ್ಲಿ ನನ್ನನ್ನು ಹಂಗಿಸಿದ್ದ ಮುದುಕರೇ ಈಗ "ನಮ್ಮ ದಾರಿ, ನಮ್ಮ ದಾರಿ" ಎಂದು ಮೀಸೆ ತಿರುವುತ್ತಿದ್ದಾರೆ. ನಿನಗೆ ಹೇಳದೆ ಇರಲಾರೆ, ನನಗೂ ಹೆಮ್ಮೆಯಾಯಿತು.

ಈ ವರ್ಷ ಹಿಮ ಕಡಿಮೆ. ಹುಲ್ಲು ಬಡವಾಗಿದೆ. ಅದಕ್ಕೇ ಅಗ್ದಾಲನ್ನು ಎಂದಿಗಿಂತ ಬೇಗನೆ ಮುಚ್ಚಿದ್ದೇನೆ. ಊರವರಿಗೆಲ್ಲ ನಿನ್ನ ಚಿಕ್ಕ ಗುಪ್ಪೆಗಳ ವಿಷಯ ಹೇಳಿದ್ದೇನೆ, ಅವರಿಗೆ ಗೊಂದಲವಿಲ್ಲ. ನೀನು ಹೇಳಿದ್ದೇ ಸರಿಯಿರಬಹುದು, ಮುದುಕರ ಕಣ್ಣಿಗೆ ಎಲ್ಲವೂ ಹಾಳಾದಂತೆಯೇ ಕಾಣುತ್ತದೆ.

ಯೀದಿರ್ ಮೇ ತಿಂಗಳ ನಡುವಿಗೆ ಬರುತ್ತಾನೆ. ಬರುವಾಗ ನಿನಗೆ ಖರ್ಜೂರ ತರುತ್ತಾನಂತೆ.

ಅಪ್ಪ

*

ಅಝಿಲಾಲ್
ಏಪ್ರಿಲ್ 28

ಅಪ್ಪಾ,

ಈ ಚೀಟಿಯನ್ನು ಬೂಜೆಕ್ರಿಯ ಕೈಲಿ ಅವಸರದಲ್ಲಿ ಕಳಿಸುತ್ತಿದ್ದೇನೆ. ರೇಡಿಯೋದಲ್ಲಿ ಹೇಳಿದರು, ಎತ್ತರದ ಬೆಟ್ಟಗಳಲ್ಲಿ ಭಾರೀ ಹಿಮ ಬೀಳುತ್ತದಂತೆ. ಈ ಕಾಲದಲ್ಲಿ ಹಿಮವೇ ಎಂದು ನಗಬೇಡ. ಚಾರಣದವರನ್ನೆಲ್ಲ ನಿಲ್ಲಿಸಿದ್ದೇವೆ. ಯೀದಿರ್ ಇನ್ನೂ ಹೊರಟಿಲ್ಲ ತಾನೇ? ಸಗ್ರೋ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಅವನಿಗೆ ಹೇಳಿ ಕಳಿಸು, ಕಣಿವೆ ಹತ್ತಬೇಡ ಎಂದು.

ತೂದಾ

*

ಐತ್ ಒಗ್ಮಾರ್
ಮೇ 3

ತೂದಾ,

ನಿನ್ನ ಚೀಟಿ ಹಿಮದ ಜೊತೆಗೇ ಬಂತು.

ಕೆಳಗಿನ ರಸ್ತೆ ಹಿಡಿದು ಬಂದ ಉಪ್ಪಿನ ವ್ಯಾಪಾರಿಯೊಬ್ಬ ಹೇಳಿದ, ಸಗ್ರೋದಲ್ಲಿ ನೀರು ಬತ್ತಿ ಕುರುಬರೆಲ್ಲ ಬೇಗ ಹೊರಟರಂತೆ. "ನಿಮ್ಮ ಹುಡುಗ ಮುಂದೆ ಹೋದ ಮಾವಾ, ನಾನು ಹಿಂದಿದ್ದೆ. ಇಷ್ಟರಲ್ಲಿ ಮನೇಲಿ ಬೆಚ್ಚಗೆ ಕೂತಿರ್ತಾನೆ ಅಂದ್ಕೊಂಡೆ" ಎಂದ. ಮನೆಯಲ್ಲಿ ಇಲ್ಲ.

ಮೂರು ಸಲ ಕಣಿವೆಯ ಕಡೆ ಹತ್ತಿದೆವು. ಹಿಮ ಎದೆಮಟ್ಟ ಇದೆ. ಗಾಳಿ ನಮ್ಮನ್ನು ಹಿಂದಕ್ಕೆ ನೂಕುತ್ತದೆ. ಹೇಸರಗತ್ತೆ ಮುಗ್ಗರಿಸಿ ಬಿತ್ತು. ನಿನ್ನವ್ವ ಮಾಡಿನ ಮೇಲೆ ನಿಂತು ಅವನ ಹೆಸರು ಕೂಗುತ್ತಾಳೆ. ಇಳಿ ಎಂದರೆ ಇಳಿಯುವುದಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ, ಈಗ ಬರೀ ತುಟಿ ಅಲ್ಲಾಡುತ್ತದೆ.

ದುವಾ ಮಾಡು ಮಗಳೇ.

ಅಪ್ಪ

*

ಅಝಿಲಾಲ್
ಮೇ 6

ಅಪ್ಪಾ,

ಸೇತುವೆಯ ಹತ್ತಿರ ಗುಡ್ಡ ಕುಸಿದು ರಸ್ತೆ ಮುಚ್ಚಿದೆ. ಎರಡು ಸಲ ಹೊರಟು ಎರಡು ಸಲವೂ ಹಿಂದೆ ಬಂದೆ. ಕಚೇರಿ ಕಚೇರಿ ಅಲೆದೆ. ಮೋಡ ಸರಿಯುವವರೆಗೆ ಹೆಲಿಕಾಪ್ಟರ್ ಹಾರುವುದಿಲ್ಲ ಎನ್ನುತ್ತಾರೆ. ಒಬ್ಬನಂತೂ "ಕುರಿ ಕಾಯೋರಿಗೆ ಹಿಮ ಹೊಸದಾ ತಾಯಿ?" ಎಂದ. ಅವನ ಮೇಜಿನ ಮೇಲಿನ ಚಹಾ ಲೋಟ ಎತ್ತಿ ಗೋಡೆಗೆ ಹೊಡೆದೆ. ನನ್ನನ್ನು ಹೊರಗೆ ಹಾಕಿದರು.

ಆದರೆ ಅಪ್ಪಾ, ಧೈರ್ಯ ಇಟ್ಟುಕೋ. ಅವನು ತಂಗುಮನೆಯಲ್ಲಿ ಇದ್ದಾನೆ. ಇರಲೇಬೇಕು. ನಾನು ಇದನ್ನೇ ಜಪದಂತೆ ಹೇಳಿಕೊಳ್ಳುತ್ತಿದ್ದೇನೆ. ಕಣಿವೆ ಹತ್ತಿದ ಕೂಡಲೇ ಮೊದಲ ಬಿಳಿ ಕಲ್ಲು ಸಿಗುತ್ತದೆ. ಅದರಿಂದ ಎರಡನೆಯದು ಕಾಣುತ್ತದೆ, ಎರಡನೆಯದರಿಂದ ಮೂರನೆಯದು. ಹಾಗೇ ಹಿಡಿದು ಬಂದರೆ ನೇರ ಬಾಗಿಲಿಗೇ ಬರುತ್ತಾನೆ. ಮಂಜಿದ್ದರೂ ತಪ್ಪುವುದಿಲ್ಲ. ಒಳಗೆ ಸೌದೆ ಇದೆ, ಕಂಬಳಿ ಇದೆ, ಬೆಂಕಿಪೆಟ್ಟಿಗೆಯನ್ನು ನಾನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ. ದಾರಿ ಮಾಡಿದ್ದು ಇಂಥ ದಿನಕ್ಕೇ ಅಲ್ಲವೇ? ಮೊದಲು ತಂಗುಮನೆ ನೋಡಿ. ಅಲ್ಲಿ ಬಾಗಿಲು ತಟ್ಟಿ.

ಈ ಕಾಗದವನ್ನು ಗುಡ್ಡ ಸುತ್ತಿ ನಡೆದು ಬರುವ ಹೇಸರಗತ್ತೆಯವರ ಕೈಲಿ ಕಳಿಸುತ್ತಿದ್ದೇನೆ. ಅವರ ಕೈಲೇ ಉತ್ತರ ಕೊಡು. ಅವನು ಸಿಕ್ಕಿದ ಎಂದು ಎರಡೇ ಶಬ್ದ ಬರೆ.

ತೂದಾ

*

ಐತ್ ಒಗ್ಮಾರ್
ಮೇ 10

ತೂದಾ,

ತಂಗುಮನೆ ತಲುಪಿದೆವು. ಬಾಗಿಲು ತಟ್ಟಿದೆವು.

ಕಂಬಳಿಗಳು ನೀನು ಮಡಿಸಿಟ್ಟ ಹಾಗೇ ಇದ್ದವು. ಸೌದೆ ಹಾಗೇ ಇತ್ತು. ಬೆಂಕಿಪೆಟ್ಟಿಗೆಯ ಪ್ಲಾಸ್ಟಿಕ್ಕು ಯಾರೂ ಬಿಚ್ಚಿರಲಿಲ್ಲ. ಕುರುಬ ಹಾದು ಹೊಸ್ತಿಲಿನಲ್ಲೇ ಕುಕ್ಕರುಬಡಿದು ಅಳತೊಡಗಿದ.

ಅಲ್ಲಿಂದ ಕಣಿವೆಗೆ ಹತ್ತಿದೆವು. ಗಾಳಿ ಅಲ್ಲಿ ಹಿಮವನ್ನು ಗುಡಿಸಿ ಹಾಕಿತ್ತು. ಕಣಿವೆಯ ನೆತ್ತಿಯಲ್ಲಿ ನಿನ್ನ ಮೊದಲನೇ ಗುಪ್ಪೆ ಇದೆಯಲ್ಲ, ಅದರ ಆಚೆ ಬದಿಯಲ್ಲಿ ಕುರಿಯ ಹಿಕ್ಕೆ ಹಾಸಿದಂತೆ ಬಿದ್ದಿತ್ತು. ಹಿಂಡು ಬಹಳ ಹೊತ್ತು ಅಲ್ಲೇ ನಿಂತಿತ್ತು. ಈಚೆಗೆ ಒಂದು ಹಿಕ್ಕೆಯೂ ಇಲ್ಲ.

ಗುಪ್ಪೆಗೆ ಒಂದು ಹಿಡಿ ಉಣ್ಣೆ ಕಟ್ಟಿತ್ತು.

ಮಗಳೇ, ನಿನಗೆ ಬಿಡಿಸಿ ಹೇಳಬೇಕೇ? ಅವನು ಹೊಸ ಬಿಳಿ ಕಲ್ಲು ನೋಡಿದ. ಬರಗಾಲ, ಅಪ್ಪ ಈ ವರ್ಷ ಅಗ್ದಾಲಿನ ಗಡಿಯನ್ನು ಕಣಿವೆಯವರೆಗೆ ಏರಿಸಿದ್ದಾನೆ ಎಂದುಕೊಂಡ. ಉಣ್ಣೆ ಕಟ್ಟಿ ನಿಂತ. ನಾನು ಬಂದು ಅಪ್ಪಣೆ ಕೊಡಲೆಂದು ನಿಂತ. ನನ್ನ ಮಗ ನನಗಾಗಿ ಕಾಯುತ್ತಿದ್ದ, ನಾನು ಕೆಳಗೆ ಒಲೆಯ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಕೊನೆಗೆ ಹಿಮ ಶುರುವಾದಾಗ ಒಳಗೆ ಬರಲಿಲ್ಲ. ಹಿಂಡನ್ನು ತಿರುಗಿಸಿಕೊಂಡು ಉತ್ತರದ ಕಮರಿಯ ಕಡೆ, ಅಗ್ದಾಲನ್ನು ಬಳಸಿ ಹೋಗುವ ಹೊರಗಿನ ದಾರಿ ಹಿಡಿದು ಹೋದ. ಸತ್ತ ಕುರಿಗಳು ಆ ಕಡೆ ಸಾಲಾಗಿ ಸಿಕ್ಕಿವೆ. ಗಂಟೆ ಕಟ್ಟಿದ ಹೆಣ್ಣುಕುರಿಯೊಂದು ಬದುಕಿದೆ. ಕಮರಿಯಲ್ಲಿ ಹಿಮ ಇನ್ನೂ ಎರಡಾಳು ಇದೆ. ಅವನು ಸಿಕ್ಕಿಲ್ಲ.

ಬೇರೆ ಯಾರ ಮಗನಾಗಿದ್ದರೂ ನುಗ್ಗಿ ಬರುತ್ತಿದ್ದ. "ಆಮೇಲೆ ದಂಡ ಕಟ್ಟಿದ್ರಾಯ್ತು, ಹೋಗಯ್ಯ" ಎನ್ನುತ್ತಿದ್ದ. ನನ್ನ ಮಗ ಬರುವುದಿಲ್ಲ. ಚಿಕ್ಕವನಿದ್ದಾಗ ಅವನ ಒಂದು ಮೇಕೆ ಒಳಗೆ ನುಗ್ಗಿದ್ದಕ್ಕೆ ನಾನು ನನ್ನ ಮನೆಗೇ ದಂಡ ಹಾಕಿದ್ದು ನಿನಗೆ ನೆನಪಿದೆ. ಅವನು ಸಾಕಿದ ಟಗರನ್ನೇ ಕಡಿಸಿ ಹಿರಿಯರಿಗೆ ಉಣಬಡಿಸಿದೆ. ಅವನ ಕೈಯಿಂದಲೇ ಬಡಿಸುವಂತೆ ಮಾಡಿದೆ. ಬಾಸ್ಸುವಿನ ನ್ಯಾಯ ಎಂದು ಊರು ಹೊಗಳಿತು. ಗಡಿ ದಾಟಬಾರದು ಎಂದು ಅಷ್ಟು ಚೆನ್ನಾಗಿ ಕಲಿಸಿದವನು, ಪ್ರಾಣ ಹೋಗುವಾಗ ದಾಟು ಎಂದು ಒಂದು ಸಲವೂ ಹೇಳಿಕೊಡಲಿಲ್ಲ.

ನಿನ್ನವ್ವನಿಗೆ ಉಣ್ಣೆಯ ಎಳೆ ತಂದುಕೊಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕೇಳಿದಳು, "ನೀನು ಹೋಗಿ ಹೂಂ ಅನ್ಬಾರ್ದಿತ್ತಾ?"

ಅಷ್ಟೇ ಕೇಳಿದಳು.

ಅಪ್ಪ

*

ಅಝಿಲಾಲ್
ಮೇ 12

ಅಪ್ಪಾ,

ನೀನು ನವೆಂಬರಿನಲ್ಲೇ ಹೇಳಿದ್ದೆ. ನಾನು ನಿನ್ನನ್ನು ಗೇಲಿ ಮಾಡಿ ಬರೆದೆ. ಆ ಕಾಗದವನ್ನು ಹರಿದು ಹಾಕು. ಬೇಡ, ಇಟ್ಟುಕೋ, ನನ್ನ ಮುಖದ ಮೇಲೆ ಎಸೆ. ನೀನು ನನ್ನನ್ನು ಒಂದು ಮಾತೂ ಬೈದಿಲ್ಲ, ಅದನ್ನು ನಾನು ಹೇಗೆ ತಡೆದುಕೊಳ್ಳಲಿ? ಬೈಯಪ್ಪಾ.

ಬಾಗಿಲಿಗೆ ಬೀಗ ಹಾಕಿರಲಿಲ್ಲ ನಾನು. ಕಂಬಳಿ ಎಣಿಸಿಟ್ಟಿದ್ದೆ. ನನ್ನ ತಮ್ಮನಿಗೆ ಮಾತ್ರ ಆ ಮನೆ ಮುಚ್ಚಿತ್ತು. ಹೊರಗಿನವರೆಲ್ಲ ಆ ಕಲ್ಲು ನೋಡಿ "ಬಾ" ಎಂದು ಓದಿಕೊಂಡರು. ನಮ್ಮವನೊಬ್ಬ "ನಿಲ್ಲು" ಎಂದು ಓದಿದ. ನಾನು ಮಂಜಿನ ಬಗ್ಗೆ ಯೋಚಿಸಿದೆ, ಬುಗ್ಗೆಯ ಬಗ್ಗೆ ಯೋಚಿಸಿದೆ, ಇಳಿಜಾರಿನಲ್ಲಿ ನೋಯುವ ಪರದೇಶದವರ ಮೊಣಕಾಲಿನ ಬಗ್ಗೆ ಯೋಚಿಸಿದೆ. ಅವನ ಬಗ್ಗೆ ಯೋಚಿಸಲಿಲ್ಲ. ಅವನಿಗೋಸ್ಕರವೇ ಈ ದಾರಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಗುಪ್ಪೆಗಳನ್ನೆಲ್ಲ ಕೆಡವಿ ಹಾಕಿ. ತಂಗುಮನೆಗೆ ಬೆಂಕಿ ಇಡಿ. ಆ ದಾರಿ ಇನ್ನು ಬೇಡ, ಯಾರೂ ಅದರ ಮೇಲೆ ನಡೆಯುವುದು ಬೇಡ.

ಗುಡ್ಡ ಸುತ್ತಿ ನಡೆದೇ ಬರುತ್ತಿದ್ದೇನೆ. ಇದು ನನಗಿಂತ ಮೊದಲು ತಲುಪಿದರೆ ಅವ್ವನಿಗೆ ಹೇಳು, ಬಾಗಿಲಲ್ಲಿ ನಿಂತಿರಬೇಡ ಎಂದು. ಅವಳ ಮುಖ ಒಮ್ಮೆಗೇ ನೋಡುವ ಶಕ್ತಿ ನನಗಿಲ್ಲ.

ತೂದಾ

*

ಮೇಲಿನ ಕಣಿವೆ
ಮೇ 19

ಮಗ ಯೀದಿರನಿಗೆ,

ನಿನ್ನ ಅಪ್ಪ ಬಾಸ್ಸು ಹೇಳುತ್ತಿರುವುದು. ಬರೆಯುತ್ತಿರುವವಳು ನಿನ್ನ ಅಕ್ಕ. ನನ್ನ ಬೆರಳುಗಳನ್ನು ಹಿಮ ಕಚ್ಚಿದೆ, ಲೇಖನಿ ನಿಲ್ಲುವುದಿಲ್ಲ. ನಿನಗೆ ಓದು ಕಲಿಸಿದವಳು ಅವಳೇ, ಆದ್ದರಿಂದ ಅವಳ ಅಕ್ಷರ ನಿನಗೆ ಸಲೀಸು.

ಕಮರಿಯಲ್ಲಿ ದಿನವೂ ಹಿಮ ತೋಡುತ್ತಿದ್ದೇವೆ. ಇಡೀ ಊರು ಬರುತ್ತಿದೆ. ನಿನ್ನ ಕೋಲು ಸಿಕ್ಕಿತು. ನೀನು ಇನ್ನೂ ಸಿಕ್ಕಿಲ್ಲ. ಹಿರಿಯರು ನನ್ನನ್ನು ಕೂರಿಸಿಕೊಂಡು "ಬಾಸ್ಸು, ಇನ್ನು ಕೊನೆಯ ಪ್ರಾರ್ಥನೆ ಮುಗಿಸೋಣ" ಎಂದರು. ನಾನು ಎದ್ದು ಬಂದೆ. ನನಗೆ ಎಲ್ಲ ಗೊತ್ತು ಮಗನೇ, ನಾನೇನು ಮಗುವಲ್ಲ. ಆದರೆ ನೀನು ಒಂದು ಅಪ್ಪಣೆ ಕೇಳಿ ಹೋಗಿದ್ದೀಯ, ಅದಕ್ಕೆ ಉತ್ತರ ಕೊಡದೆ ನಾನು ಹೇಗೆ ಪ್ರಾರ್ಥನೆಗೆ ನಿಲ್ಲಲಿ?

ಆ ಕಲ್ಲನ್ನು ಇಟ್ಟವನು ನಾನಲ್ಲ. ಮೊದಲು ಇದು ನಿನಗೆ ತಿಳಿಯಬೇಕು. ನಿನ್ನನ್ನು ಹೊರಗೆ ನಿಲ್ಲಿಸಿದವನು ನಾನಲ್ಲ. ನಿನ್ನ ಅಕ್ಕನೂ ಅಲ್ಲ, ಅವಳು ನಿನ್ನನ್ನು ಒಳಗೆ ಕರೆಯಲೆಂದೇ ಇಟ್ಟದ್ದು. ಇದನ್ನು ಬರೆಯುವುದಿಲ್ಲ ಎಂದು ಲೇಖನಿ ಕೆಳಗಿಟ್ಟಳು. "ಬರಿಯೇ, ನನ್ನ ಮಾತು ನುಂಗ್ಬೇಡ" ಎಂದು ಗದರಿದೆ. ಬರೆದಳು.

ದಾರಿ ಕಿತ್ತುಹಾಕುತ್ತೇನೆ ಎಂದು ಅವಳು ಹಾರೆ ಎತ್ತಿಕೊಂಡಿದ್ದಳು. ನಾನು ಬಿಡಲಿಲ್ಲ. ದಾರಿಯೇ ಇಲ್ಲದಿದ್ದರೆ ನೀನು ಎತ್ತಲಿಂದ ಬರುತ್ತೀಯ? ಗುಪ್ಪೆಗಳು ಇರಲಿ, ತಂಗುಮನೆ ಇರಲಿ. ಸುಣ್ಣ ಮಾತ್ರ ಹೋಗಲಿ ಎಂದೆ.

ಇವತ್ತು ಬೆಳಿಗ್ಗೆ ಕಣಿವೆಯ ನೆತ್ತಿಯಿಂದ ಶುರುಮಾಡಿ, ತಂಗುಮನೆಯ ಬಾಗಿಲವರೆಗೆ ಒಂದೊಂದೇ ಬಿಳಿ ಕಲ್ಲನ್ನು ನನ್ನ ಕೈಯಾರೆ ಉರುಳಿಸಿದೆ. ಕೊನೆಗೆ ಅಗ್ದಾಲಿನ ಬಾಯಲ್ಲಿರುವ ನನ್ನ ಗುಪ್ಪೆಯದನ್ನೂ ಉರುಳಿಸಿದೆ. ಹುಲ್ಲು ಇನ್ನೂ ಹೂಬಿಟ್ಟಿಲ್ಲ. ನನ್ನಪ್ಪನ ಕಾಲದಿಂದ ಇಂಥದ್ದು ನಡೆದಿಲ್ಲ. ಕೂಟದಲ್ಲಿ ಕೊಟ್ಟ ಮಾತು ಮುರಿದೆ, ಅದರ ದಂಡ ನನ್ನದು.

ಕಲ್ಲು ಉರುಳಿದರೆ ಏನಾಗುತ್ತದೆಂದು ನಿನಗೆ ಗೊತ್ತು. ನಾ ಮುಂದು ತಾ ಮುಂದು ಎಂದು ಹಿಂಡುಗಳು ನುಗ್ಗುತ್ತವೆ, ಹೆಂಗಸರು ಸಂಭ್ರಮದಿಂದ ನಾಲಿಗೆ ಕುಣಿಸಿ ಉಲಿ ಹಾಕುತ್ತಾರೆ, ಧೂಳಿನಲ್ಲಿ ಮುಖ ಕಾಣುವುದಿಲ್ಲ. ಇವತ್ತು ಊರವರೆಲ್ಲ ಹಿಂಡು ಸಮೇತ ಗಡಿಯ ಆಚೆ ನಿಂತಿದ್ದರು. ಹಸಿದ ಕುರಿಗಳು ಅರಚುತ್ತಿದ್ದವು. ಒಬ್ಬನೂ ತನ್ನ ಹಿಂಡನ್ನು ಒಳಗೆ ಬಿಡಲಿಲ್ಲ. ಹಾದು ತನ್ನ ಟಗರಿನ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. "ಇದು ನಮಗೆ ತೆರೆದಿದ್ದಲ್ಲ ಮಾವಾ" ಎಂದ.

ಬದುಕಿ ಬಂದ ನಿನ್ನ ಗಂಟೆ ಕುರಿ ಒಂದೇ ಒಳಗೆ ಹೋಯಿತು. ಯಾರೂ ತಡೆಯಲಿಲ್ಲ. ನಿನ್ನವ್ವ ಅದರ ಹಿಂದೆ ಹೋಗಿ, ಅದು ಮೇಯುವುದನ್ನೇ ನೋಡುತ್ತ ಹುಲ್ಲಿನಲ್ಲಿ ಕೂತಿದ್ದಾಳೆ. ಈಗಲೂ ಅಲ್ಲೇ ಇದ್ದಾಳೆ.

ಈ ಕಾಗದವನ್ನು ನೀನು ಉಣ್ಣೆ ಕಟ್ಟಿದ ಗುಪ್ಪೆಯ ಕೆಳಗೆ ಇಟ್ಟು ಹೋಗುತ್ತಿದ್ದೇನೆ.

ತಡವಾಯಿತು ಮಗನೇ. ಹೂಂ. ಬಾ. ಕುರಿಗಳನ್ನೂ ಹೊಡೆದುಕೊಂಡು ಬಾ.

ನಿನ್ನ ಅಪ್ಪ
ಬಾಸ್ಸು
ಅಗ್ದಾಲಿನ ಕಾವಲುಗಾರ